ಇಲ್ಲದ ಸ್ಟವ್ ಸಿಡಿದದ್ದು ಹೇಗೆ?

1994ರ ಮಳೆಗಾಲ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಲೈನು ಮನೆಯಿಂದ ಇಪ್ಪತ್ತೆರಡರ ಹರೆಯದ ಹೆಣ್ಣುಮಗಳೊಬ್ಬಳನ್ನು ಮೈಯೆಲ್ಲ ಸುಟ್ಟ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಅವಳ ತಾಯಿ ನಮ್ಮ ಮನೆಗೆ ಹಾಲು ತಂದುಕೊಡುತ್ತಿದ್ದವರು. ಆ ಗುರುತಿನ ಮೇಲೆ ನಾನು ನೋಡಲು ಹೋದೆ. ಮಂಚಕ್ಕೆ ಸಿಕ್ಕಿಸಿದ್ದ ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು: ಅಡುಗೆ ಮಾಡುವಾಗ ಸ್ಟವ್ ಸಿಡಿದು ಆಕಸ್ಮಿಕವಾಗಿ ಸುಟ್ಟಿದೆ. ತಾಯಿಗೆ ಓದು ಬಾರದು. ಏನು ಬರೆದಿದ್ದಾರೆ ಎಂದು ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಅವ್ರ ಮನೇಲಿ ಸ್ಟವ್ವೇ ಇಲ್ವಲ್ಲಮ್ಮ, ಸೌದೆ ಒಲೆ" ಎಂದರು.

ನಾಲ್ಕನೆಯ ದಿನ ಆ ಹುಡುಗಿ ತೀರಿಕೊಂಡಳು. ಇಲ್ಲದ ಸ್ಟವ್ವಿನ ಹೆಸರಿನಲ್ಲಿ ಕಡತ ಮುಚ್ಚಿಹೋಯಿತು.

ಗಂಡನ ಮನೆಯವರೇ ಅವಳನ್ನು ಸುಟ್ಟರು ಎಂದು ನಾನು ಇಲ್ಲಿ ಹೇಳುತ್ತಿಲ್ಲ. ಏನಾಯಿತೆಂದು ನನಗೆ ಗೊತ್ತಿಲ್ಲ. ಅವಳೇ ಹಚ್ಚಿಕೊಂಡಿದ್ದರೂ ಇರಬಹುದು, ಒಲೆಯ ಬೆಂಕಿ ಸೆರಗಿಗೆ ಹತ್ತಿದ್ದರೂ ಇರಬಹುದು. ನನ್ನ ತಕರಾರು ಬೇರೆ. ಅವಳಿಗೆ ಎರಡು ದಿನ ಮಾತಾಡುವ ಶಕ್ತಿ ಇತ್ತು. ಆ ಎರಡು ದಿನದಲ್ಲಿ ಅವಳನ್ನು ಒಂಟಿಯಾಗಿ ಯಾರೂ ಕೇಳಲಿಲ್ಲ. ಗಂಡ ತಲೆಯ ಹತ್ತಿರ, ಭಾವ ಕಾಲಿನ ಹತ್ತಿರ ನಿಂತಿದ್ದರು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಅವರು ಡ್ರಿಪ್ ಹಾಕಿದರು, ಗಾಯ ತೊಳೆದರು, ನಿಂತವರು ಹೇಳಿದ್ದನ್ನು ಬರೆದುಕೊಂಡರು. ಆ ಸಿಸ್ಟರನ್ನು ನಾನು ದೂರಲಾರೆ. ಸುಟ್ಟ ಗಾಯವನ್ನು ತೊಳೆಯುವುದು ಹೇಗೆಂದು ಅವರಿಗೆ ಕಲಿಸಿದ್ದರು, ಸುಟ್ಟವಳನ್ನು ಕೇಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ನರ್ಸಿಂಗ್ ಓದುವ ನಮ್ಮ ಹೆಣ್ಣುಮಕ್ಕಳ ಪುಸ್ತಕಗಳಲ್ಲಿ ಎರಡು ದೊಡ್ಡ ಮಾತುಗಳಿವೆ: ನರ್ಸಿಂಗ್ ಸಂಶೋಧನೆ, ಪುರಾವೆ ಆಧರಿಸಿದ ಶುಶ್ರೂಷೆ. ಇದು ಕಾಲೇಜಿನ ವಿಷಯ, ವರದಕ್ಷಿಣೆ ಮತ್ತು ಹೊಡೆತ ಬಡಿತದ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಆ ಕೇಸ್ ಶೀಟಿನ ಸಾಲಿಗೂ ಈ ಎರಡು ಮಾತುಗಳಿಗೂ ನೇರ ಸಂಬಂಧವಿದೆ ಎಂಬುದೇ ನನ್ನ ಲೇಖನ.

ಸಂಘದ ಸಭೆಯಲ್ಲಿ ಅರ್ಥವಾಗುವ ಹಾಗೆ ಹೇಳುತ್ತೇನೆ. ಅಡುಗೆಮನೆಯಲ್ಲಿ ಕೈ ಸುಟ್ಟರೆ ಏನು ಹಚ್ಚುತ್ತೀರಿ ಎಂದು ನಮ್ಮ ಕಡೆ ಕೇಳಿನೋಡಿ. ಕಾಫಿ ಪುಡಿ ಎನ್ನುವವರು ಅರ್ಧ ಜನ, ತೋಟದ ನಾಡಲ್ಲವೇ! ಉಳಿದವರು ಇಂಕು, ಟೂತ್‌ಪೇಸ್ಟು, ದೋಸೆ ಹಿಟ್ಟು ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ? "ನಮ್ಮಜ್ಜಿ ಹಚ್ತಿದ್ರು" ಎಂಬುದು ಒಂದು ಉತ್ತರ. "ಡಾಕ್ಟ್ರು ಹೇಳಿದ್ರು" ಎಂಬುದು ಇನ್ನೊಂದು. ಪುರಾವೆ ಆಧರಿಸಿದ ಶುಶ್ರೂಷೆ ಈ ಎರಡಕ್ಕೂ ತಲೆಬಾಗುವುದಿಲ್ಲ. ಹೀಗೆ ಮಾಡಿದ ಇಷ್ಟು ಜನ, ಮಾಡದ ಇಷ್ಟು ಜನ, ಯಾರ ಗಾಯ ಹೇಗಾಯಿತು ಎಂದು ಎಣಿಸಿ ಹೋಲಿಸಿ ನೋಡು ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ಸುಟ್ಟಗಾಯವಾದ ಸುಮಾರು ಎರಡೂವರೆ ಸಾವಿರ ಮಕ್ಕಳ ದಾಖಲೆಗಳನ್ನು ಹೀಗೆ ನೋಡಿ 2020ರಲ್ಲಿ ಪ್ರಕಟಿಸಿದರು. ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿದ ಮಕ್ಕಳಿಗೆ ಆಮೇಲೆ ಚರ್ಮ ಕಸಿ ಮಾಡಬೇಕಾಗಿ ಬಂದ ಸಾಧ್ಯತೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಬರೀ ನೀರು! ಕಾಫಿ ಪುಡಿ ಬೇಡ, ಇಂಕು ಬೇಡ, ಮಂಜುಗಡ್ಡೆಯೂ ಬೇಡ. ಬಳೆ, ಕಾಲುಂಗುರಗಳನ್ನು ಊದಿಕೊಳ್ಳುವ ಮೊದಲೇ ತೆಗೆದು, ಗಾಯದ ಮೇಲೆ ಇಪ್ಪತ್ತು ನಿಮಿಷ ನೀರು ಬಿಟ್ಟು, ಒಗೆದ ಬಟ್ಟೆ ಸಡಿಲವಾಗಿ ಹೊದಿಸಿ, ಮೈಯ ಉಳಿದ ಭಾಗ ಬೆಚ್ಚಗಿರುವಂತೆ ನೋಡಿಕೊಂಡು ಆಸ್ಪತ್ರೆಗೆ ಕರೆದೊಯ್ಯಬೇಕು. ಹೆತ್ತೂರು, ಯಸಳೂರು ಕಡೆಯ ಒಳಗಿನ ಊರುಗಳಿಂದ ದೊಡ್ಡಾಸ್ಪತ್ರೆ ಸೇರಲು ಎಷ್ಟು ಹೊತ್ತಾಗುತ್ತದೆಂದು ನಮಗೆಲ್ಲ ಗೊತ್ತು. ಆ ಇಪ್ಪತ್ತು ನಿಮಿಷ ನಮ್ಮ ಕೈಯಲ್ಲೇ ಇರುತ್ತದೆ.

ಹಳೆಯದೆಲ್ಲ ಸುಳ್ಳು ಎಂದು ಇದರ ಅರ್ಥವಲ್ಲ. ಸುಟ್ಟ ಗಾಯಕ್ಕೆ ಬಾಳೆಎಲೆಯ ಕಟ್ಟನ್ನೂ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಕಟ್ಟನ್ನೂ ಮುಂಬಯಿಯ ವೈದ್ಯರು ಹೋಲಿಸಿ ನೋಡಿ 2003ರಲ್ಲಿ ಪ್ರಕಟಿಸಿದರು. ಎರಡೂ ಸಮಸಮ, ಬಾಳೆಎಲೆ ಅಗ್ಗ ಮತ್ತು ಸುಲಭ ಎಂದು ಕಂಡಿತು. (ಅದು ಆಸ್ಪತ್ರೆಯಲ್ಲಿ ಶುದ್ಧಿ ಮಾಡಿದ ಎಲೆ, ಹಿತ್ತಲಿನಿಂದ ಕೊಯ್ದು ತಂದು ಕಟ್ಟಬೇಡಿ.) ಅಜ್ಜಿಯ ಮಾತನ್ನೂ ಡಾಕ್ಟರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಗುಣ ನನಗೆ ಬಹಳ ಹಿಡಿಸಿದೆ.

ಈ ತಕ್ಕಡಿಯನ್ನು ಶುಶ್ರೂಷೆಗೆ ತಂದವಳೂ ಒಬ್ಬ ಹೆಂಗಸೇ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮ್ಮ ಶಾಲಾ ಪಾಠದಲ್ಲಿ ದೀಪ ಹಿಡಿದ ಕರುಣಾಮಯಿ. ಆದರೆ ಆಕೆ ಲೆಕ್ಕ ಬರೆದವಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಂದ ಸತ್ತದ್ದಕ್ಕಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತದ್ದೇ ಬಹಳ ಹೆಚ್ಚು ಎಂದು 1858ರಲ್ಲಿ ಚಿತ್ರ ಬರೆದು ಸರ್ಕಾರದ ಮುಂದಿಟ್ಟಳು. ಸಾವಿನ ಕಾರಣವನ್ನು ಸರಿಯಾಗಿ ಬರೆಯದಿದ್ದರೆ ಮುಂದಿನ ಸಾವನ್ನು ತಡೆಯಲು ಆಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ನಮ್ಮ ಲೈನು ಮನೆಯ ಹುಡುಗಿಯ ಮಂಚದಲ್ಲಿ ತಪ್ಪಿಹೋದದ್ದು ಇದೇ ಪಾಠ.

ಅವಳೊಬ್ಬಳದೇ ಹೀಗಾಯಿತೇ? ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಎಡಬಿಡದೆ ಹೋಗಿ, ಪೊಲೀಸ್ ದಾಖಲೆಗಳನ್ನೂ ತೆಗೆಸಿ ನೋಡಿದಾಗ, ಅಪಘಾತ ಎಂಬ ಹಣೆಪಟ್ಟಿಯ ಕೆಳಗೆ ಎಷ್ಟೊಂದು ಎಳೆಯ ಗೃಹಿಣಿಯರು ಮಲಗಿದ್ದಾರೆ ಎಂಬುದು ನಾಡಿಗೆ ತಿಳಿಯಿತು. ಸ್ಟವ್ ಏಕೆ ಸೊಸೆಯಂದಿರ ಕೈಯಲ್ಲೇ ಸಿಡಿಯುತ್ತದೆ, ಅತ್ತೆಯ ಕೈಯಲ್ಲಿ ಏಕೆ ಸಿಡಿಯುವುದಿಲ್ಲ ಎಂದು ಆಗ ನಾವೆಲ್ಲ ಬೀದಿಯಲ್ಲಿ ಕೇಳಿದ್ದೆವು. ಅದು ಬರೀ ಘೋಷಣೆಯಾಗಿರಲಿಲ್ಲ ಎಂಬುದಕ್ಕೆ ಮುಂದೆ ಅಂಕಿಸಂಖ್ಯೆಯೂ ಸಿಕ್ಕಿತು. 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಜನ ಎಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 2009ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಅವರಲ್ಲಿ 1,06,000 ಮಂದಿ ಹೆಂಗಸರು, ಹೆಚ್ಚಿನವರು 15ರಿಂದ 34 ವರ್ಷದವರು. ಪೊಲೀಸರ ಲೆಕ್ಕದಲ್ಲಿದ್ದ ಸಾವುಗಳಿಗಿಂತ ಇದು ಆರು ಪಟ್ಟು. ಇವರಲ್ಲಿ ಎಷ್ಟು ಜನರನ್ನು ಸುಟ್ಟರು, ಎಷ್ಟು ಜನ ಸುಟ್ಟುಕೊಂಡರು, ಎಷ್ಟು ನಿಜವಾದ ಅಪಘಾತ ಎಂದು ಆ ಅಧ್ಯಯನಕ್ಕೂ ಬಿಡಿಸಿ ಹೇಳಲಾಗಲಿಲ್ಲ. ಹೇಗೆ ಹೇಳಲಾದೀತು? ಮಂಚದ ಪಕ್ಕ ಕೇಳಿ ಬರೆದವರೇ ಇಲ್ಲದಿದ್ದರೆ ಲೆಕ್ಕ ಎಲ್ಲಿಂದ ಬರಬೇಕು!

ಇನ್ನು ಕೇಳುವ ಬಗೆ. ಕೆಲವು ವರ್ಷಗಳ ಹಿಂದೆ ಆಲೂರು ಕಡೆಯ ಒಂದು ಸಂಘದ ಸಭೆಗೆ ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಪ್ರಶ್ನೆಗಳ ಹಾಳೆ ಹಿಡಿದು ಬಂದಳು. ಸಭೆ ಅಂಗನವಾಡಿಯಲ್ಲಿ. ಬಾಗಿಲಲ್ಲಿ ಇಬ್ಬರು ಗಂಡಸರು ಸುಮ್ಮನೆ ನಿಂತಿದ್ದರು. ಹುಡುಗಿ ಗಟ್ಟಿಯಾಗಿ ಓದಿದಳು: "ನಿಮ್ಮ ಮನೆಯಲ್ಲಿ ಕೌಟುಂಬಿಕ ದೌರ್ಜನ್ಯ ನಡೆಯುತ್ತದೆಯೇ? ಹೌದು ಅಥವಾ ಇಲ್ಲ." ಹದಿನೆಂಟು ಜನವೂ ಇಲ್ಲ ಎಂದರು. ಸಭೆ ಮುಗಿದು ಉಳಿತಾಯದ ದುಡ್ಡು ಎಣಿಸುವಾಗ ನಾನು ಪಕ್ಕದಲ್ಲಿದ್ದವರನ್ನು ಮೆಲ್ಲಗೆ ಕೇಳಿದೆ. "ಅಯ್ಯೋ, ಒಂದೆರಡು ಏಟು ಹೊಡೀತಾರೆ ಮೇಡಂ, ಅದು ದೌರ್ಜನ್ಯ ಅಲ್ವಲ್ಲ" ಎಂದರು. ಇನ್ನೊಬ್ಬರು ಸೆರಗು ಸರಿಸಿ ತೋಳು ತೋರಿಸಿದರು. ಆ ಹುಡುಗಿಯ ಹಾಳೆಯಲ್ಲಿ ಮಾತ್ರ ಹದಿನೆಂಟು ಇಲ್ಲಗಳು ಭದ್ರವಾಗಿ ಕುಳಿತಿದ್ದವು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಒಂದು ಮನೆಯಲ್ಲಿ ಒಬ್ಬಳೇ ಹೆಂಗಸನ್ನು, ಬೇರೆ ಯಾರೂ ಇಲ್ಲದಾಗ ಮಾತ್ರ ಕೇಳಬೇಕು. ಒಂಟಿಯಾಗಿ ಸಿಗದಿದ್ದರೆ ಆ ಪ್ರಶ್ನೆಗಳನ್ನೇ ಕೈಬಿಡಬೇಕು. ದೌರ್ಜನ್ಯ ಎಂಬ ದೊಡ್ಡ ಪದ ಬಳಸದೆ ಕೆನ್ನೆಗೆ ಹೊಡೆದಿದ್ದಾನೆಯೇ, ತಳ್ಳಿದ್ದಾನೆಯೇ, ಕತ್ತು ಹಿಸುಕಿದ್ದಾನೆಯೇ ಎಂದು ಒಂದೊಂದಾಗಿ ಕೇಳಬೇಕು. ಹೀಗೆ ಕೇಳಿದಾಗ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49ರ ವಯಸ್ಸಿನವರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015-16ರಲ್ಲಿ ನೂರಕ್ಕೆ 20.6, 2019-21ರಲ್ಲಿ ನೂರಕ್ಕೆ 44.4. ನಾಲ್ಕೈದು ವರ್ಷದಲ್ಲಿ ಗಂಡಂದಿರು ಎರಡು ಪಟ್ಟು ಕ್ರೂರಿಗಳಾದರೇ? ಅಥವಾ ಹೆಂಗಸರು ಬಾಯಿಬಿಟ್ಟು ಹೇಳಲು ಕಲಿತರೇ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ಒಂದು ಸಂಖ್ಯೆಯನ್ನು ಭಾಷಣದಲ್ಲಿ ಎತ್ತಿ ಎಸೆಯುವ ಮೊದಲು ಅದನ್ನು ಹೇಗೆ ಕೇಳಿ ಪಡೆದರು ಎಂದು ವಿಚಾರಿಸುವ ಅಭ್ಯಾಸ ನಮ್ಮ ಚಳವಳಿಗೂ ಬೇಕು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಇದೆ: ದೇಶದಲ್ಲಿ ಮೈಮೇಲಿನ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರ ಪೈಕಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಸಹಾಯ ಕೇಳದ ಆ 86 ಜನರಿಗೂ ಜ್ವರ ಬರುತ್ತದೆ, ಹೆರಿಗೆ ಆಗುತ್ತದೆ. ಠಾಣೆಯ ಮೆಟ್ಟಿಲು ಹತ್ತದವಳೂ ಆಸ್ಪತ್ರೆಯ ಮೆಟ್ಟಿಲು ಹತ್ತಿಯೇ ಹತ್ತುತ್ತಾಳೆ. ಅಲ್ಲಿ ಅವಳ ಮೈ ಮುಟ್ಟುವ ಮೊದಲ ಕೈ ನರ್ಸಿನದು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕೊಟ್ಟ ವಿಷಯದ ಮೇಲೆ ಸಿಟ್ಟಿದೆ. ನಮ್ಮ ನರ್ಸಿಂಗ್ ಕಾಲೇಜುಗಳ ಪ್ರಬಂಧಗಳ ಹೆಸರುಗಳನ್ನು ಓದಿ ನೋಡಿ, ಹೆಚ್ಚಿನವು ಒಂದೇ ಅಚ್ಚಿನವು: ಇಂಥ ಗ್ರಾಮದ ಮಹಿಳೆಯರಿಗೆ ಇಂಥ ವಿಷಯದಲ್ಲಿ ಇರುವ ಜ್ಞಾನದ ಮಟ್ಟ. ಮೊದಲು ಪರೀಕ್ಷೆ, ಆಮೇಲೆ ಒಂದು ಪಾಠ, ಮತ್ತೆ ಅದೇ ಪರೀಕ್ಷೆ. ಅಂಕ ಏರಿತು, ಪಾಠ ಪರಿಣಾಮಕಾರಿ, ಪದವಿ ಬಂತು. ಹಳ್ಳಿಯ ಹೆಂಗಸಿಗೆ ಏನು ಗೊತ್ತಿಲ್ಲ ಎಂದು ಅಳೆದದ್ದು ಸಾಕು. ವಾರ್ಡಿನಲ್ಲಿ ಏನು ನಡೆಯುತ್ತದೆ ಎಂದು ಅಳೆಯಬಾರದೇ? ಸುಟ್ಟ ಗಾಯದಿಂದ ಬಂದ ಎಷ್ಟು ಹೆಂಗಸರನ್ನು ಒಂಟಿಯಾಗಿ ಮಾತಾಡಿಸಿದರು? ಅವಳ ಮಾತು ಅವಳ ಮಾತಿನಲ್ಲೇ ದಾಖಲಾಯಿತೇ? ಮನೆಗೆ ಹೋದವಳು ಆರು ತಿಂಗಳ ಮೇಲೆ ಬದುಕಿದ್ದಾಳೆಯೇ? ಇವನ್ನು ಕೇಳಲು ದೊಡ್ಡ ಯಂತ್ರ ಬೇಡ, ಒಂದು ರಿಜಿಸ್ಟರ್ ಸಾಕು.

ಹಾಗೆ ಕೇಳಿದ ನರ್ಸ್ ಒಬ್ಬರಿದ್ದಾರೆ, ಅಮೆರಿಕದ ಜಾಕ್ವೆಲಿನ್ ಕ್ಯಾಂಬೆಲ್. 1980ರ ದಶಕದಲ್ಲೇ ಅವರು, ಹೊಡೆತ ತಿನ್ನುವ ಹೆಂಗಸಿನ ಪ್ರಾಣಕ್ಕೆ ಅಪಾಯ ಎಷ್ಟು ಹತ್ತಿರವಿದೆ ಎಂದು ಅವಳ ಜೊತೆಯಲ್ಲೇ ಕುಳಿತು ನೋಡುವ ಪ್ರಶ್ನೆಗಳ ಪಟ್ಟಿ ಮಾಡಿದರು. ಮುಂದೆ ಅವರ ತಂಡ ಹಲವು ನಗರಗಳಲ್ಲಿ ಗಂಡನಿಂದಲೋ ಸಂಗಾತಿಯಿಂದಲೋ ಕೊಲೆಯಾದವರನ್ನೂ, ಹೊಡೆತ ತಿಂದು ಬದುಕುಳಿದವರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿತು. ಕೊಲ್ಲುತ್ತೇನೆಂದು ಬೆದರಿಸಿದ್ದು, ಮನೆಯಲ್ಲಿ ಬಂದೂಕು ಇದ್ದದ್ದು, ಅವನಿಗೆ ಕೆಲಸ ಇಲ್ಲದಿದ್ದದ್ದು, ಅವಳು ಬಿಟ್ಟು ಹೊರಟದ್ದು ಅಪಾಯದ ಗುರುತುಗಳೆಂದು ಕಂಡವು. 2008ರಲ್ಲಿ ಬಂದ ಇನ್ನೊಂದು ಬರಹದ ಪ್ರಕಾರ, ಹಿಂದೆ ಒಮ್ಮೆ ಕತ್ತು ಹಿಸುಕಿಸಿಕೊಂಡವಳು ಅದೇ ಗಂಡಸಿನಿಂದ ಕೊಲೆಯಾಗುವ ಸಾಧ್ಯತೆ ಸುಮಾರು ಏಳು ಪಟ್ಟು. ಈ ಮಾತನ್ನು ದಯವಿಟ್ಟು ನೆನಪಿಡಿ. ಕತ್ತು ಹಿಸುಕಿದ್ದು ಎಷ್ಟೋ ಸಲ ಹೊರಗೆ ಗುರುತೇ ಬಿಡುವುದಿಲ್ಲ. "ಬರೀ ಕುತ್ತಿಗೆ ಹಿಡಿದ್ರು ಅಷ್ಟೆ" ಎಂದು ಸಂಘದಲ್ಲಿ ಯಾರಾದರೂ ಹೇಳಿದರೆ ಅದನ್ನು ಅಷ್ಟೆ ಎಂದು ಬಿಡಬೇಡಿ. ನುಂಗಲು ಕಷ್ಟವೇ, ಧ್ವನಿ ಬದಲಾಗಿದೆಯೇ ಎಂದು ಕೇಳಿ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆದರೆ ಅಮೆರಿಕದ ಪಟ್ಟಿ ನಮ್ಮದಲ್ಲ. ಬಂದೂಕಿನ ಪ್ರಶ್ನೆ ನಮ್ಮ ಕಡೆಗೂ ಹೊಂದುತ್ತದೆ, ಬೆಳೆ ಕಾಯಲೆಂದು ತೋಟದ ಮನೆಗಳಲ್ಲಿ ಕೋವಿ ಇರುತ್ತದೆ. ಆದರೆ ತವರಿನಿಂದ ದುಡ್ಡು ತಾ ಎಂದದ್ದು, ಬರೀ ಹೆಣ್ಣು ಹೆತ್ತೆ ಎಂದದ್ದು, ಸಂಘದಿಂದ ಸಾಲ ತೆಗೆದುಕೊಡು ಎಂದು ಪೀಡಿಸಿದ್ದು ಆ ಪಟ್ಟಿಯಲ್ಲಿ ಎಲ್ಲಿದೆ? ಪಂಚಾಯ್ತಿ ಸೇರಿಸಿ ಬುದ್ಧಿ ಹೇಳಿ ಗಂಡನ ಮನೆಗೆ ವಾಪಸು ಕಳಿಸಿದ ಮೇಲೆ ಅಪಾಯ ಇಳಿಯುತ್ತದೆಯೋ ಏರುತ್ತದೆಯೋ? ಹಾಸನ ಜಿಲ್ಲೆಯ ನರ್ಸಿಂಗ್ ವಿದ್ಯಾರ್ಥಿನಿಯರು ಇಂಥದ್ದನ್ನು ಎತ್ತಿಕೊಳ್ಳಬೇಕು. ಈಗ ನಮ್ಮ ತೋಟಗಳಿಗೆ ಅಸ್ಸಾಮಿನ ಕಡೆಯಿಂದ ಬಂದ ಕೂಲಿಯವರೂ ಇದ್ದಾರೆ. ಆ ಹೆಂಗಸರಿಗೆ ಕನ್ನಡ ಬಾರದು, ಆಸ್ಪತ್ರೆಯಲ್ಲಿ ಗಂಡನೇ ದುಭಾಷಿ. ಹೊಡೆದವನೇ ಅವಳ ಮಾತನ್ನು ಅನುವಾದ ಮಾಡಿದರೆ ಕೇಸ್ ಶೀಟಿನಲ್ಲಿ ಏನು ಬರುತ್ತದೆ?

ಕೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಕೆನಡಾದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಂಗಸರೊಡನೆ ನಡೆದ ಒಂದು ದೊಡ್ಡ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ಬಂದ ಕೆಲವರನ್ನು ಹಿಂಸೆಯ ಬಗ್ಗೆ ಕೇಳಿ ಉತ್ತರವನ್ನು ಡಾಕ್ಟರಿಗೆ ಕೊಟ್ಟರು, ಕೆಲವರಿಗೆ ಹಾಗೆ ಮಾಡಲಿಲ್ಲ. ಒಂದೂವರೆ ವರ್ಷದ ಮೇಲೆ ನೋಡಿದರೆ ಹಿಂಸೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕೇಳಿದ್ದರಿಂದ ಹೆಂಗಸರಿಗೆ ಕೇಡೇನೂ ಆಗಲಿಲ್ಲ, ಆದರೆ ಬರೀ ಕೇಳಿದ್ದರಿಂದ ಹೊಡೆತವೂ ನಿಲ್ಲಲಿಲ್ಲ. ಇದನ್ನು ಓದಿ ನನಗೆ ಬೇಸರವಾಯಿತು, ನಿಜ. ಆದರೆ ನಮಗೆ ಬೇಡವಾದ ಉತ್ತರ ಬಂದಾಗಲೂ ಅದನ್ನು ಮುಚ್ಚಿಡದಿರುವುದೇ ಸಂಶೋಧನೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬಂದವರನ್ನೆಲ್ಲ ಸಾಲಾಗಿ ಕೇಳಿ ಎನ್ನಲಿಲ್ಲ. ಗಾಯವೋ, ಪದೇ ಪದೇ ಬರುವ ನೋವೋ ಅನುಮಾನ ಹುಟ್ಟಿಸಿದರೆ ಒಂಟಿಯಾಗಿ ಕೇಳಿ, ನಂಬಿ, ಅವಳ ಸುರಕ್ಷತೆಯ ದಾರಿ ಅವಳೊಡನೆ ಯೋಚಿಸಿ, ಮುಂದಿನ ಸಹಾಯಕ್ಕೆ ಜೋಡಿಸಿ ಎಂದಿತು. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000-01ರ ಹೊತ್ತಿಗೇ ಮಹಾನಗರ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ 'ದಿಲಾಸಾ' ಎಂಬ ಕೇಂದ್ರ ತೆರೆದಿದ್ದವು. ಅಲ್ಲಿ ನರ್ಸು ಅನುಮಾನ ಬಂದ ಹೆಂಗಸನ್ನು ಅದೇ ಕಟ್ಟಡದ ಆಪ್ತಸಮಾಲೋಚಕಿಯ ಕೋಣೆಗೆ ಕರೆದೊಯ್ಯಬಹುದು. ಠಾಣೆಗೆ ಹೋಗೆಂದು ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಇದಕ್ಕೂ ಅಜಗಜಾಂತರ.

ಕಾನೂನು ನಮ್ಮ ಪರವಾಗಿಯೇ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 7ನೆಯ ಕಲಮಿನ ಪ್ರಕಾರ ಕೇಳಿಬಂದವಳಿಗೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. 2006ರ ನಿಯಮಗಳ ಪ್ರಕಾರ, ಮೊದಲೇ ದೂರು ಕೊಟ್ಟಿಲ್ಲವೆಂದು ವಾಪಸು ಕಳಿಸುವಂತಿಲ್ಲ. ಕೌಟುಂಬಿಕ ಘಟನೆಯ ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಅದನ್ನು ತುಂಬಿ ರಕ್ಷಣಾಧಿಕಾರಿಗೆ ಕಳಿಸಬೇಕು. ನಮ್ಮಲ್ಲಿ ರಕ್ಷಣಾಧಿಕಾರಿ ಎಂದರೆ ನಿಮಗೆ ಗುರುತಿರುವ ಸಿ.ಡಿ.ಪಿ.ಒ. ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ದುಡ್ಡಿಲ್ಲದೆ ಕೊಡಬೇಕು. ಸಾಯುತ್ತಿರುವವಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ಬರೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2002ರಲ್ಲೇ ಹೇಳಿದೆ. ವರದಕ್ಷಿಣೆ ಸಾವಿನ ಕಲಮು ಹಳೆಯ ದಂಡಸಂಹಿತೆಯ 304-ಬಿಯಿಂದ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 80ಕ್ಕೆ ಬಂದಿದೆ. ಅಂಕಿ ಬದಲಾಗಿದೆ, ಮದುವೆಯಾದ ಏಳು ವರ್ಷದೊಳಗಿನ ಸಾವು ಎಂಬ ಮಾತು ಹಾಗೇ ಇದೆ. ಆದ್ದರಿಂದ ನರ್ಸು ಅವಳ ಮಾತಿನಲ್ಲೇ ಬರೆದಿಟ್ಟ ಒಂದು ಸಾಲು ಶುಶ್ರೂಷೆಗೂ ಪುರಾವೆಯಾಗುತ್ತದೆ, ನ್ಯಾಯಾಲಯಕ್ಕೂ ಸಾಕ್ಷ್ಯವಾಗಬಲ್ಲದು.

ಸೀಮೆಎಣ್ಣೆ ಸ್ಟವ್ ಈಗ ನಮ್ಮ ಮನೆಗಳಲ್ಲಿ ಅಪರೂಪ. ಗ್ಯಾಸ್ ಬಂದಿದೆ. ಕೇಸ್ ಶೀಟಿನ ಸಾಲುಗಳೂ ಬದಲಾಗಿವೆ: ಬಚ್ಚಲಲ್ಲಿ ಕಾಲು ಜಾರಿತು, ತೋಟಕ್ಕೆ ಹೊಡೆಯುವ ಔಷಧಿಯನ್ನು ಟಾನಿಕ್ ಎಂದು ಕುಡಿದಳು.

ಹೋದ ವರ್ಷ ನಮ್ಮ ಕಡೆಯ ಒಂದು ಆಸ್ಪತ್ರೆಯ ಹಿರಿಯ ಸಿಸ್ಟರ್ ಒಬ್ಬರೊಡನೆ ಇದನ್ನೆಲ್ಲ ಮಾತಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಕೇಳ್ತೀನಿ ಮೇಡಂ, ಕೇಳಬೇಕು ಅಂತ ನಂಗೂ ಅನ್ಸುತ್ತೆ. ಆದ್ರೆ ಎಲ್ಲಿ ಕೂರಿಸಿ ಕೇಳ್ಲಿ? ಈ ವಾರ್ಡಲ್ಲಿ ಬಾಗಿಲು ಹಾಕ್ಕೊಳ್ಳೋಕೆ ಆಗೋದು ಸ್ಟೋರ್ ರೂಮು ಒಂದೇ" ಎಂದರು. ಗ್ರಾಮ ಆರೋಗ್ಯ ಸಮಿತಿಗಳಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ನಮ್ಮ ಸಂಘದ ಹೆಂಗಸರು ಕೂರುತ್ತಾರೆ. ಬೆಂಚು, ಫ್ಯಾನು, ಕುಡಿಯುವ ನೀರು ಕೇಳುತ್ತಾ ಬಂದಿದ್ದೇವೆ. ಈ ಸಲದ ನಮ್ಮ ಅರ್ಜಿಯಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಸಣ್ಣ ಕೋಣೆ, ಎರಡು ಕುರ್ಚಿ, ಒಂದು ರಿಜಿಸ್ಟರ್ ಎಂದು ಬರೆದಿದ್ದೇವೆ. ಅರ್ಜಿಯ ಪ್ರತಿ ಬೇಕಾದ ಸಂಘದವರು ಕೇಳಿದರೆ ಕೊಡುತ್ತೇವೆ.